ರೋಜರ್ ಎಸೆದ ಕಲ್ಲು

ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದ ಫ್ಲೈಸ್’ (1954) ಮತ್ತೆ ಓದಿದೆ. ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ಶಾಲಾ ಹುಡುಗರ ಕಥೆ. ಹಂದಿ ಬೇಟೆ, ಮುಖಕ್ಕೆ ಬಳಿದುಕೊಂಡ ಬಣ್ಣ ಎಲ್ಲರಿಗೂ ನೆನಪಿರುತ್ತದೆ. ನನ್ನನ್ನು ಜಾಸ್ತಿ ಕಾಡಿದ್ದು ಅವರಲ್ಲೊಬ್ಬನಾದ ರೋಜರ್.

ಮೊದಮೊದಲು ಅವನು ಪುಟ್ಟ ಹೆನ್ರಿಯ ಕಡೆ ಕಲ್ಲು ಎಸೆಯುತ್ತಾನೆ. ಆದರೆ ಬೇಕಂತಲೇ ಗುರಿ ತಪ್ಪಿಸುತ್ತಾನೆ. ಅಪ್ಪ ಅಮ್ಮ, ಶಾಲೆ, ಪೊಲೀಸ್ ಯಾರೂ ಅಲ್ಲಿಲ್ಲ. ಆದರೂ ಅವರ ಅಂಜಿಕೆ ಇನ್ನೂ ಅವನ ಕೈ ಹಿಡಿದಿದೆ. ಅದೇ ರೋಜರ್ ಕೊನೆಕೊನೆಗೆ ಬಂಡೆ ಉರುಳಿಸಿ, ಎಲ್ಲರೂ ಗೇಲಿ ಮಾಡುವ ದಪ್ಪ ಹುಡುಗ ಪಿಗ್ಗಿಯನ್ನು ಕೊಲ್ಲುತ್ತಾನೆ. ಸಭೆ ಕರೆಯುವ ಶಂಖವೂ ಚೂರುಚೂರಾಗುತ್ತದೆ. ಆ ಎರಡು ಪುಟಗಳ ನಡುವೆ ಏನೇನು ಸಡಿಲವಾಯಿತು ಅನ್ನುವುದೇ ಇಡೀ ಕಾದಂಬರಿ.

ಗೋಲ್ಡಿಂಗ್ ಶಾಲಾ ಮೇಷ್ಟ್ರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು. ಮಕ್ಕಳನ್ನೂ ಕಂಡಿದ್ದರು, ಯುದ್ಧವನ್ನೂ ಕಂಡಿದ್ದರು.

ಎಲ್ಲರೂ ಬೇಟೆಗಾರರ ಮುಖಂಡ ಜ್ಯಾಕ್‌ನನ್ನೇ ದೂರುತ್ತಾರೆ, ಅಲ್ವಾ? ನನಗೆ ಹುಡುಗರು ನಾಯಕನಾಗಿ ಆರಿಸಿದ ರಾಲ್ಫ್ ಮೇಲೂ ಸಿಟ್ಟಿದೆ. ‘ಪಿಗ್ಗಿ’ (ಹಂದಿಮರಿ) ಅನ್ನುವ ಅಡ್ಡಹೆಸರು ಯಾರಿಗೂ ಹೇಳಬೇಡ ಅಂತ ಆ ಹುಡುಗ ರಾಲ್ಫ್‌ನನ್ನು ಬೇಡಿಕೊಂಡಿದ್ದ. ರಾಲ್ಫ್ ಎಲ್ಲರ ಮುಂದೆ ಹೇಳಿಬಿಟ್ಟ, ಎಲ್ಲರೂ ನಕ್ಕರು. ಶಂಖಕ್ಕೆ ಮೊದಲ ಬಿರುಕು ಬಿದ್ದದ್ದು ಆಗಲೇ ಅನ್ನಿಸುತ್ತದೆ.