ಕಟ್ಟ ಎಲ್ಲಿತ್ತು ಅಂತ ಯಾರನ್ನು ಕೇಳಬೇಕು?

ನಮ್ಮ ಕಡೆ ಯಾರ ಹತ್ತಿರವಾದರೂ ತೋಡಿನ (ಸಣ್ಣ ಹಳ್ಳದ) ಕಟ್ಟದ ಮಾತು, ಅಂದರೆ ಬೇಸಿಗೆಗೆ ನೀರು ನಿಲ್ಲಿಸಲು ಅಡ್ಡ ಹಾಕುವ ಒಡ್ಡಿನ ಮಾತು ತೆಗೆದು ನೋಡಿ. "ಹಿಂದೆಲ್ಲ ಊರಿಗೆ ಊರೇ ಸೇರಿ ಕಟ್ಟುತ್ತಿತ್ತು, ಈಗ ಆ ಒಗ್ಗಟ್ಟು ಎಲ್ಲುಂಟು?" ಅಂತಲೇ ಶುರು ಮಾಡುತ್ತಾರೆ. ನಾನೂ ಇದನ್ನೇ ಕೇಳಿ ಬೆಳೆದವಳು. ಕಾಸರಗೋಡಿನ ಪೆರ್ಲದಿಂದ ಒಳಗಿರುವ ನಮ್ಮ ವಾರ್ಡಿನಲ್ಲಿ ಉದ್ಯೋಗ ಖಾತ್ರಿಯ ಮೇಟ್ ಆಗಿ, ಅಂದರೆ ಕೆಲಸದ ಗುಂಪು ನೋಡಿಕೊಳ್ಳುವವಳಾಗಿ (ತೊಳಿಲುರಪ್ಪು ಅಂದರೇನೇ ಇಲ್ಲಿ ಎಲ್ಲರಿಗೂ ಗೊತ್ತಾಗುವುದು), ಹೆಂಗಸರ ಗುಂಪಿನೊಟ್ಟಿಗೆ ಅದೇ ತೋಡಿಗೆ ಇಳಿದ ಮೇಲೆ ಈ ಒಗ್ಗಟ್ಟಿನ ಕಥೆಯ ಬಗ್ಗೆ ನನಗೆ ಸಂಶಯ ಶುರುವಾಗಿದೆ. ನೆನಪು ಸುಳ್ಳು ಅಂತಲ್ಲ. ಊರಿನ ನೆನಪಿನಲ್ಲಿ ಹೇಳಿ ಖುಷಿಪಡುವ ಭಾಗ ಒಬ್ಬರ ಹತ್ತಿರ, ಕೆಲಸಕ್ಕೆ ಬರುವ ಭಾಗ ಇನ್ನೊಬ್ಬರ ಹತ್ತಿರ ಇರುತ್ತದೆ. ನಾವು ಕೇಳುವುದು ಸಾಮಾನ್ಯವಾಗಿ ಮೊದಲಿನವರನ್ನು.

ಹೊರಗಿನವರಿಗಾಗಿ ಸ್ವಲ್ಪ ಹೇಳುತ್ತೇನೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು. ಆದರೂ ಮಾರ್ಚ್ ಬಂತೆಂದರೆ ಬಾವಿಯಲ್ಲಿ ಕೊಡ ತಳ ಕೆರೆಯುತ್ತದೆ. ಕೆಂಪುಕಲ್ಲಿನ ಗುಡ್ಡೆ, ಇಳಿಜಾರು, ಪಕ್ಕದಲ್ಲೇ ಸಮುದ್ರ. ಬಿದ್ದ ನೀರಿಗೆ ನಿಲ್ಲುವ ಮನಸ್ಸೇ ಇಲ್ಲ. ಅದಕ್ಕೇ ಏಣೆಲು (ಮಳೆಗಾಲದ ಮೊದಲ ಭತ್ತದ ಬೆಳೆ) ಕೊಯ್ಲು ಮುಗಿದು ತೋಡಿನ ಹರಿವು ಕಡಿಮೆಯಾಗುವ ಹೊತ್ತಿಗೆ, ನವೆಂಬರ್ ಡಿಸೆಂಬರಿನಲ್ಲಿ, ಕಲ್ಲು ಮಣ್ಣು ಸೊಪ್ಪು ಹಾಕಿ ಅಡ್ಡ ಕಟ್ಟುತ್ತಿದ್ದರು. ಆ ನೀರಿನಲ್ಲಿ ಎರಡನೆಯ ಬೆಳೆ ಸುಗ್ಗಿ ಆಗುತ್ತಿತ್ತು, ಕೆಲವು ಬೈಲುಗಳಲ್ಲಿ ಮೂರನೆಯದಾದ ಕೊಳಕೆಯೂ. ಗದ್ದೆಗಳೆಲ್ಲ ಅಡಕೆ ತೋಟವಾದ ಮೇಲೂ ನೀರಿನ ಅಗತ್ಯ ಹೋಗಲಿಲ್ಲ, ಕಟ್ಟ ಮಾತ್ರ ಹೋಯಿತು. ಪಂಪು ಬಂತು, ಕರೆಂಟು ಬಂತು, ಕೊಳವೆಬಾವಿ ಬಂತು. 2016ರಲ್ಲಿ ಕೇರಳದ 14 ಜಿಲ್ಲೆಗಳೂ ಬರಪೀಡಿತ ಅಂತ ಸರಕಾರವೇ ಘೋಷಿಸಿದ ಮೇಲೆ ಮತ್ತೆ ಎಲ್ಲರ ಬಾಯಲ್ಲೂ ಕಟ್ಟ.

ಪಂಚಾಯತಿನಿಂದ ಕೆಲಸ ಮಂಜೂರಾದಾಗ ಓವರ್ಸಿಯರ್ ಬಂದು ರಸ್ತೆ ಹತ್ತಿರ, ತೋಡು ಕಿರಿದಾಗುವ ಕಡೆ ಗುರುತು ಹಾಕಿದರು. ಲೆಕ್ಕ ಸರಿಯೇ: ಅಗಲ ಕಡಿಮೆ, ಖರ್ಚು ಕಡಿಮೆ, ಗೋಣಿಚೀಲದ ಲಾರಿ ಬರುವುದಕ್ಕೂ ಸುಲಭ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿದ್ದಾರೆ, ನಾವು ದೊಡ್ಡಕ್ಕ ಅನ್ನುತ್ತೇವೆ. ಅವರು ಅಲ್ಲಿ ನಿಲ್ಲಲೇ ಇಲ್ಲ. ಸೀರೆ ಎತ್ತಿ ಕಟ್ಟಿಕೊಂಡು ನೀರಿನಲ್ಲೇ ಮೇಲಕ್ಕೆ ನಡೆದು, ಒಂದು ತಿರುವಿನಲ್ಲಿ ಬಗ್ಗಿ ಕತ್ತಿಯ ತುದಿಯಿಂದ ಪಾರೆ (ಬಂಡೆ) ಕೆರೆಯತೊಡಗಿದರು. ಪಾಚಿ ಹೋಯಿತು, ಜಲ್ಲಿ ಹೋಯಿತು, ಅಂಗೈ ಅಗಲದ ಒಂದು ಗುಳಿ ಕಂಡಿತು. ಅದಕ್ಕೆ ಸಾಲಾಗಿ ಇನ್ನೊಂದು, ಮತ್ತೊಂದು. ಅಡಕೆ ಮರದ ಗೂಟ ನಿಲ್ಲಿಸಲು ಯಾರೋ ಉಳಿಯಿಂದ ಕಡಿದ ಗುಳಿಗಳು.

"ಅಲ್ಲಿ ಅಡಿಯಲ್ಲಿ ಹೊಯಿಗೆ (ಮರಳು) ಮಗಾ. ಮೇಲೆ ಎಷ್ಟು ಚೀಲ ಇಟ್ಟರೂ ನೀರು ಕಳ್ಳನ ಹಾಗೆ ಅಡಿಯಿಂದ ಹೋಗ್ತದೆ. ಇಲ್ಲಿ ಪಾರೆ ಉಂಟು," ಅಂದರು.

ಮಣ್ಣಿನ ವಿಷಯದಲ್ಲೂ ಹಾಗೆಯೇ. ಹತ್ತಿರ ಸಿಗುವ ಕೆಂಪು ಗೊಚ್ಚು ಮಣ್ಣು ಬೇಡ ಅಂದರು, ಅದರಲ್ಲಿ ನೀರು ಸೋರುತ್ತದಂತೆ. ಬಲಬದಿಯ ಗುಡ್ಡೆಯ ಬುಡದಿಂದ ಜೇಡಿ ಬರಬೇಕು, ಎರಡು ಸಾಲು ಕಲ್ಲಿನ ನಡುವೆ ಅದನ್ನು ಹಾಕಿ ಕಾಲಲ್ಲಿ ತುಳಿಯಬೇಕು, ಪದರಕ್ಕೊಮ್ಮೆ ಸೊಪ್ಪು. ಓವರ್ಸಿಯರ್ ಮಲಯಾಳಿ ಹುಡುಗ, ಒಳ್ಳೆಯವ. ನಾನು ಅರ್ಧ ಮಲಯಾಳದಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಗುರುತು ಬದಲಾಯಿಸಿದ. ನನಗೆ ಆದ ತೊಂದರೆ ಒಂದೇ. ಹಾಜರಿಗೆ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೊ ಹಾಕಬೇಕು, ಆ ತಿರುವಿನಲ್ಲಿ ಸಿಗ್ನಲ್ ಇಲ್ಲ. ಫೋಟೊ ತೆಗೆದು ಗುಡ್ಡೆ ಹತ್ತುವುದೇ ನನ್ನ ಕಸರತ್ತು.

ಗಂಜಿ ಹೊತ್ತಿನಲ್ಲಿ ನಾನು ಸುಮ್ಮನಿರದೆ, "ಹಿಂದೆ ಹೀಗೇ ಎಲ್ಲರೂ ಸೇರಿ ಕಟ್ಟುತ್ತಿದ್ದಿರಲ್ಲವಾ ದೊಡ್ಡಕ್ಕ?" ಅಂದೆ.

"ಸೇರುವುದೆಂತದು, ಬರಲೇಬೇಕಿತ್ತು," ಅಂದರು. ಧನಿಗಳ (ಜಮೀನ್ದಾರರ) ಮನೆಯಿಂದ ಹೇಳಿಕೆ ಬಂದರೆ ಒಕ್ಕಲಿನ ಪ್ರತಿ ಮನೆಯಿಂದಲೂ ಆಳು ಹೋಗಬೇಕು. ದೊಡ್ಡಕ್ಕ ಸಣ್ಣ ಹುಡುಗಿಯಾಗಿ ಅಮ್ಮನ ಹಿಂದೆ ಮಣ್ಣಿನ ಬುಟ್ಟಿ ಹೊತ್ತವರು. ಮಧ್ಯಾಹ್ನ ಗಂಜಿ, ಸಂಜೆಗೆ ಅಮ್ಮನ ಕೈಗೆ ಸೇರು ಅಕ್ಕಿ. ಮೇಲಿನ ಕಟ್ಟವನ್ನೇ ಮೊದಲು ಮುಚ್ಚುತ್ತಿದ್ದರು, ಯಾಕೆಂದರೆ ಧನಿಗಳ ಗದ್ದೆ ಇದ್ದದ್ದು ಮೇಲೆ. ಕೆಳಗಿನವರಿಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದನ್ನು ಇಲ್ಲಿ ಕನ್ನಡದವರೆಲ್ಲ ಬಾಯಿಪಾಠವಾಗಿ ಹೇಳುತ್ತಾರೆ. 1970ರ ಜನವರಿ 1ನ್ನು ಹಾಗೆ ಯಾರೂ ಹೇಳುವುದಿಲ್ಲ. ಅವತ್ತಿನಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು, ಉಳುವವರಿಗೆ ಭೂಮಿ ಸಿಕ್ಕಿತು. ನಮ್ಮ ತೋಡಿಗೆ ಕಟ್ಟ ಹಾಕುವುದು ನಿಂತುಹೋದದ್ದು ಅದರ ನಂತರವೇ. ಹೇಳಿಕೆ ಕಳಿಸುವ ಅಧಿಕಾರ ಹೋಯಿತು, ಅದರ ಬದಲಿಗೆ ಬೇರೆ ಏರ್ಪಾಡು ಯಾರೂ ಮಾಡಲಿಲ್ಲ. ಧನಿಗಳ ಮನೆಯವರು ಇದನ್ನು ಒಗ್ಗಟ್ಟು ಮುರಿದು ಹೋದದ್ದು ಅನ್ನುತ್ತಾರೆ. ದೊಡ್ಡಕ್ಕನ ಬಾಯಲ್ಲಿ ಅದು ಬಿಟ್ಟಿ ತಪ್ಪಿದ್ದು. ಎರಡೂ ಒಂದೇ ತೋಡಿನ ನೆನಪು. ಆದರೆ ಪಾರೆಯ ಗುಳಿ ಎಲ್ಲಿದೆ ಅಂತ ಗೊತ್ತಿದ್ದದ್ದು ಬುಟ್ಟಿ ಹೊತ್ತವರಿಗೆ.

ಈಗ ನಾವು ಕೆಳಗಿನ ಕಟ್ಟವನ್ನೇ ಮೊದಲು ಮುಚ್ಚುತ್ತೇವೆ. ಅದು ತುಂಬಿದ ಮೇಲೆ ಮೇಲಿನದು. ಇದು ದೊಡ್ಡಕ್ಕ ಹೇಳಿದ ಕ್ರಮ, ಹಳೇ ಕ್ರಮಕ್ಕೆ ಪೂರ್ತಿ ಉಲ್ಟಾ. ಹಿಂದಿನದನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡವರಿಗೇ ಅದನ್ನು ತಿರುಗಿಸುವ ಧೈರ್ಯವೂ ಇತ್ತು.

ಇದಾದ ಮೇಲೆ ಎಲ್ಲಿ ಏನು ಓದಿದರೂ ನನಗೆ ಇದೇ ಪ್ರಶ್ನೆ. ಕೇರಳದಲ್ಲಿ '99ರ ನೆರೆ' ಅಂದರೆ ಮಲಯಾಳದ ಪಂಚಾಂಗದ ಕೊಲ್ಲವರ್ಷ 1099ರದ್ದು, ನಮ್ಮ ಲೆಕ್ಕದಲ್ಲಿ 1924ರ ಜುಲೈ. ತೆಂಕಿನ ಜಿಲ್ಲೆಗಳಲ್ಲಿ ಅಜ್ಜಿಯಂದಿರೆಲ್ಲ ಅದರ ಕಥೆ ಹೇಳುತ್ತಿದ್ದರು. ಮೂನಾರಿನ ರೈಲನ್ನೇ ಕೊಚ್ಚಿಕೊಂಡು ಹೋದ ನೆರೆ ಅದು. ಅಷ್ಟು ಹೇಳಿಯೂ ಹೊಳೆ ಬದಿಯ ಗದ್ದೆಗಳಿಗೆ ಮಣ್ಣು ತುಂಬಿಸಿ ಮನೆ ಕಟ್ಟಿದರು. 2018ರ ಆಗಸ್ಟಿನಲ್ಲಿ ಕಾಸರಗೋಡು ಬಿಟ್ಟು ಉಳಿದ 13 ಜಿಲ್ಲೆಗಳಿಗೂ ರೆಡ್ ಅಲರ್ಟ್, ಸತ್ತವರು ನಾನೂರಕ್ಕೂ ಹೆಚ್ಚು. ಎಷ್ಟು ದೊಡ್ಡ ನೆರೆ ಅನ್ನುವುದು ನೆನಪಿತ್ತು. ಹಾಗಾದರೆ ಮನೆ ಎಲ್ಲಿ ಕಟ್ಟಬಾರದು ಅನ್ನುವುದು ಆ ಕಥೆಯೊಳಗೆ ಇರಲಿಲ್ಲ, ಇದ್ದರೂ ಅದು ಯಾರಿಗೂ ಬೇಕಿರಲಿಲ್ಲ.

ಇಂಡೊನೇಷ್ಯಾದ ಸಿಮೆಯುಲೂ ದ್ವೀಪದವರು ಬೇರೆ ರೀತಿ ಕಲಿಸಿದ್ದರು. 1907ರ ಸುನಾಮಿಯಲ್ಲಿ ತುಂಬಾ ಜನ ಸತ್ತ ಮೇಲೆ, ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು ಅಂತ ಮಕ್ಕಳಿಗೆ ಕಥೆಯಲ್ಲಿ, ಜೋಗುಳದಲ್ಲಿ ಹೇಳುತ್ತಾ ಬಂದರು. 2004ರಲ್ಲಿ ಭೂಕಂಪದ ಮಗ್ಗುಲಲ್ಲೇ ಇದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ. ಜಪಾನಿನ ಅನೆಯೋಶಿ ಎಂಬ ಹಳ್ಳಿಯಲ್ಲೂ 1933ರ ಸುನಾಮಿಯ ಮೇಲೆ ಒಂದು ಕಲ್ಲು ನೆಟ್ಟರು, ಇದರಿಂದ ಕೆಳಗೆ ಮನೆ ಕಟ್ಟಬೇಡಿ ಅಂತ. 2011ರಲ್ಲಿ ನೀರು ಆ ಕಲ್ಲಿಗಿಂತ ಕೆಳಗೇ ನಿಂತಿತು. ಕಲ್ಲಿನ ಮೇಲೆ ಅಳು ಮಾತ್ರ ಬರೆದಿದ್ದರೆ ಊರು ಉಳಿಯುತ್ತಿತ್ತಾ?

ಅಷ್ಟು ದೂರ ಯಾಕೆ, 2020ರ ಮಾರ್ಚಿನಲ್ಲಿ, ಕೊರೋನಾ ಸಮಯದಲ್ಲಿ, ತಲಪಾಡಿಯಿಂದ ಹಿಡಿದು ನಮ್ಮ ಒಳರಸ್ತೆಗಳವರೆಗೆ ಮಣ್ಣು ಹಾಕಿ ಕರ್ನಾಟಕದವರು ಗಡಿ ಮುಚ್ಚಿದರು. ಮದ್ದು, ಆಸ್ಪತ್ರೆ, ಸಂತೆ ಎಲ್ಲದಕ್ಕೂ ಮಂಗಳೂರು ಪುತ್ತೂರು ಅಂತ ಇದ್ದ ನಾವು ಒಮ್ಮೆಗೇ ಬಾಕಿ. ಆಸ್ಪತ್ರೆಯ ಕಷ್ಟಕ್ಕೆ ಯಾವ ನೆನಪೂ ಒದಗಲಿಲ್ಲ, ಅದನ್ನು ಸುಮ್ಮನೆ ಚಂದ ಮಾಡಿ ಹೇಳಬಾರದು. ಆದರೆ ಹೊಟ್ಟೆಯ ವಿಷಯದಲ್ಲಿ ನಮ್ಮತ್ತೆ ಗಾಬರಿಯಾಗಲೇ ಇಲ್ಲ. ಬೆಳೆದ ಹಲಸಿನಕಾಯಿ ಕೊಯ್ಸಿ, ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ಪದರ ಸೊಳೆ ಒಂದು ಪದರ ಕಲ್ಲುಪ್ಪು ಹಾಕಿ, ಮೇಲೆ ಕಲ್ಲು ಹೇರಿ ಬಾಯಿ ಕಟ್ಟಿಟ್ಟರು. ಉಪ್ಪು ಎಷ್ಟು ಅಂತ ಕೇಳಿದರೆ ಅವರ ಹತ್ತಿರ ಉತ್ತರವಿಲ್ಲ, "ಒದ್ದೆ ಕೈ ಹಾಕಬೇಡ" ಅಷ್ಟೇ. ನಾವು ಅದನ್ನು ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಗಾಲ) ನೀರಿಗೆ ಹಾಕಿ ಉಪ್ಪು ಬಿಡಿಸಿ ಪಲ್ಯ ಮಾಡಿದೆವು. ಅತ್ತೆ ಅದನ್ನು ಕಲಿತದ್ದು ಯಾವುದೋ ಹಬ್ಬದ ಅಡುಗೆಯಾಗಿ ಅಲ್ಲ. ಆಟಿಯಲ್ಲಿ ಮನೆಯಲ್ಲಿ ಅಕ್ಕಿ ಇರುತ್ತಿರಲಿಲ್ಲ, ಅದಕ್ಕೆ. ಈಗ ನಗರದಲ್ಲಿ 'ಆಟಿಯ ಕೂಟ' ಅಂತ ಪತ್ರೊಡೆ, ಕಣಿಲೆ ಬಡಿಸಿ ಫೋಟೊ ತೆಗೆಯುತ್ತಾರೆ. ತೆಗೆಯಲಿ, ನನಗೂ ಪತ್ರೊಡೆ ಇಷ್ಟ. ಆಟಿ ಅಮಾವಾಸ್ಯೆಗೆ ಪಾಲೆ (ಹಾಲೆ) ಮರದ ತೊಗಟೆಯ ಕಷಾಯ ಕುಡಿಯಬೇಕು ಅನ್ನುವುದೂ ಎಲ್ಲರಿಗೂ ನೆನಪುಂಟು. ಪಾಲೆಗೆ ಕೆತ್ತಿದಲ್ಲಿ ಹಾಲು ಬರುತ್ತದೆ, ಎಲೆ ಸಾಮಾನ್ಯವಾಗಿ ಏಳೇಳರ ಸುತ್ತಿನಲ್ಲಿರುತ್ತದೆ, ಪಾಲೆ ಅಂತ ತಪ್ಪಿ ಕೆತ್ತಿಬಿಡುವ ಕಾಸರಕ ಮರದ ತೊಗಟೆ ವಿಷ ಅನ್ನುವುದು ಎಷ್ಟು ಮಂದಿಗೆ ಗೊತ್ತೋ!

ಮೊನ್ನೆ ಧನಿಗಳ ಮನೆಯ ಮೊಮ್ಮಗ ಬೆಂಗಳೂರಿನಿಂದ ಬಂದವರು ಕಟ್ಟ ನೋಡಿ ತುಂಬ ಖುಷಿಪಟ್ಟರು. ಅಲ್ಲೊಂದು ಕಲ್ಲು ಹಾಕಿಸೋಣ, ಅಜ್ಜನ ಹೆಸರಿನಲ್ಲಿ, ಖರ್ಚು ನನ್ನದು ಅಂದರು. ಮರ್ಯಾದಸ್ಥರು, ಮಾತಿನಲ್ಲಿ ಗತ್ತು ಇರಲಿಲ್ಲ. ಪಂಚಾಯತಿನ ಮಾಹಿತಿ ಫಲಕ ಆಗಲೇ ಅಲ್ಲಿದೆ, ಕಾಮಗಾರಿ ಸಂಖ್ಯೆ, ಅಂದಾಜು ಮೊತ್ತ, ಮಾನವ ದಿನ ಎಲ್ಲ ಬರೆದು. ಅದರಲ್ಲಿ ಯಾರ ಹೆಸರೂ ಇಲ್ಲ. ನಾನು ದೊಡ್ಡಕ್ಕನ ಮುಖ ನೋಡಿದೆ, ಏನಾದರೂ ಖಾರವಾಗಿ ಹೇಳುತ್ತಾರೋ ಅಂತ.

"ಕಲ್ಲು ಹಾಕ್ಲಿ, ಹೆಸರೂ ಬರೀಲಿ," ಅಂದರು. "ಅದರ ಅಡಿಗೆ ಮಣ್ಣು ಬಲಬದಿ ಗುಡ್ಡೆಯದ್ದು, ಕೆಳಗಿನ ಕಟ್ಟ ಮೊದಲು, ಪತ್ತನಾಜೆಗೆ ಮುಂಚೆ ಬಿಡಿಸಬೇಕು ಅಂತಲೂ ಬರೀಲಿಕ್ಕೆ ಹೇಳು. ಕನ್ನಡದಲ್ಲೂ ಮಲಯಾಳದಲ್ಲೂ."

ಪತ್ತನಾಜೆ ಅಂದರೆ ಮೇ ಕೊನೆಯ ಹೊತ್ತು, ಮಳೆಗಾಲಕ್ಕೆ ಮುಂಚೆ. ಮೊಮ್ಮಗ ಒಪ್ಪಿದ್ದಾರೆ. ಮಲಯಾಳದ ವಾಕ್ಯ ಓವರ್ಸಿಯರ್ ಬರೆದುಕೊಡುತ್ತಾನಂತೆ.