ಗುಂಬದ ಬಳೆ ಯಾವುದರಿಂದ ನಿಲ್ಲುತ್ತದೆ?

ಮರದ ಗಾಡಿ ಚಕ್ರಗಳ ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಚಕ್ರದ ನಡುವಿನ ಆ ದಪ್ಪ ಮರಕ್ಕೆ ಕಬ್ಬಿಣದ ಬಳೆ ಹಾಕಿರುತ್ತಾರಲ್ಲ, ಅದನ್ನು ಹೇಗೆ ಕೂರಿಸೋದು? ಮೊಳೆ ಹೊಡೆದರೆ ಸಾಕಾ, ಅಂಟು ಹಚ್ಚಬೇಕಾ, ಇಲ್ಲ ಕಾಯಿಸಿಯೇ ಹಾಕಬೇಕಾ?" ಕೇಳುವವರಲ್ಲಿ ಹಲವರ ಹತ್ತಿರ ಒಂದು ಹಳೆಯ ಚಕ್ರ ಇರುತ್ತದೆ. ಅದರ ಬಳೆ ಕೈಯಲ್ಲಿ ಹಿಡಿದು ತಿರುಗಿಸಿದರೆ ಗಿರ್ರನೆ ತಿರುಗುತ್ತಿರುತ್ತದೆ.

ನನ್ನ ಉತ್ತರ: ಕಾಯಿಸಿ ಹಾಕಬೇಕು, ಆಮೇಲೆ ಬೇಕಾದರೆ ಮೊಳೆ ಹೊಡೆಯಿರಿ, ಅಂಟು ಬೇಡ. ಆದರೆ ಬಳೆಯನ್ನು ವರ್ಷಗಟ್ಟಲೆ ಹಿಡಿದು ನಿಲ್ಲಿಸುವುದು ಈ ಮೂರೂ ಅಲ್ಲ. ಅದು ಮರದ ಒಣಗು. ಮರ ಸರಿಯಾಗಿ ಒಣಗದೆ ಇದ್ದರೆ ಎಂಥ ಕಮ್ಮಾರನ ಬಳೆಯೂ ಸಡಿಲವಾಗುತ್ತದೆ. ಇದನ್ನು ಹೇಳಿದರೆ ಕೇಳಿದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. ಬೆಂಕಿ, ಹೊಗೆ, ಸುತ್ತಿಗೆ ಏಟಿನ ಕಥೆ ಕೇಳೋಕೆ ಬಂದಿರುತ್ತಾರೆ ಅಲ್ವಾ!

ಮೊದಲು ಬಳೆ ಯಾಕೆ ಬೇಕು ಅಂತ ನೋಡೋಣ. ಚಕ್ರದ ನಡುವಿನ ಮರದ ತುಂಡನ್ನು ಗುಂಬ ಅನ್ನುತ್ತೇನೆ. ಅದರ ಮಧ್ಯೆ ಅಚ್ಚಿಗೆ ಉದ್ದಕ್ಕೂ ತೂತು ಕೊರೆದಿರುತ್ತದೆ. ಸುತ್ತಲೂ ಅರೆಕಾಲುಗಳು, ಅಂದರೆ ಹೊರಸುತ್ತಿಗೆ ಚಾಚಿದ ಕಾಲುಗಳು ಕೂರುವ ಕುಳಿಗಳಿರುತ್ತವೆ. ಹನ್ನೆರಡು ಅರೆಕಾಲಿನ ಚಕ್ರ ಅಂದರೆ ಒಂದೇ ಸುತ್ತಿನಲ್ಲಿ ಹನ್ನೆರಡು ಕುಳಿ. ಅಷ್ಟು ಕೊರೆದ ಮೇಲೆ ಆ ಜಾಗದಲ್ಲಿ ಉಳಿಯುವ ಮರ ತುಂಬಾ ಕಡಿಮೆ. ಇನ್ನು ಅರೆಕಾಲನ್ನು ಸುಮ್ನೆ ಕೈಯಿಂದ ತುರುಕುವುದಿಲ್ಲ, ದೊಡ್ಡ ಸುತ್ತಿಗೆಯಿಂದ ಬಿಗಿಯಾಗಿ ಹೊಡೆದು ಇಳಿಸುತ್ತಾರೆ. ಪ್ರತಿ ಅರೆಕಾಲೂ ಗುಂಬವನ್ನು ಸೀಳಲು ನೋಡುವ ಬೆಣೆಯೇ. ಅದಕ್ಕೇ ಅರೆಕಾಲು ಹೊಡೆಯುವ ಮೊದಲೇ ಎರಡೂ ತುದಿಯ ಬಳೆ ಕೂತಿರಬೇಕು. ಚಕ್ರವೆಲ್ಲ ಮುಗಿದ ಮೇಲೆ ಚೆಂದಕ್ಕೆ ಬಳೆ ಹಾಕುತ್ತೇವೆ ಅನ್ನುವವರು ಕೆಲಸವನ್ನು ತಲೆಕೆಳಗು ಮಾಡುತ್ತಿದ್ದಾರೆ. ಭಾರದ ಗಾಡಿಗಳಲ್ಲಿ ತುದಿಗೆ ಎರಡು, ಅರೆಕಾಲುಗಳ ಎರಡೂ ಮಗ್ಗುಲಿಗೆ ಇನ್ನೆರಡು, ಹೀಗೆ ನಾಲ್ಕು ಬಳೆ ಇರುವ ಗುಂಬಗಳೂ ಇವೆ.

ಈ ಉಪಾಯ ಬಹಳ ಹಳೆಯದು. ವೇಲ್ಸ್‌ನ ಆಂಗ್ಲಸೀ ದ್ವೀಪದ ಲಿನ್ ಕೆರಿಗ್ ಬಾಖ್ ಎಂಬ ಸಣ್ಣ ಕೆರೆಯಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಯುಗದ ವಸ್ತುಗಳ ದೊಡ್ಡ ರಾಶಿ ಸಿಕ್ಕಿತು. ಅದರಲ್ಲಿ ರಥದ ಚಕ್ರದ ಹಳಿಗಳ, ಅಂದರೆ ಹೊರಸುತ್ತಿಗೆ ಹಾಕುವ ಕಬ್ಬಿಣದ ಪಟ್ಟಿಗಳ ಜೊತೆಗೆ ಗುಂಬದ ಬಳೆಗಳೂ ಇದ್ದವು. ಅಂದರೆ ಎರಡು ಸಾವಿರ ವರ್ಷದ ಹಿಂದಿನ ಚಕ್ರದ ಬಡಗಿಗೂ ಇದೇ ತಲೆನೋವು.

ಈಗ ಒಣಗಿನ ವಿಷಯಕ್ಕೆ ಬರೋಣ. ಮರ ತೇವ ಕಳೆದುಕೊಂಡಾಗ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಇಪ್ಪತ್ತು ಸೆಂಟಿಮೀಟರ್ ಅಡ್ಡಳತೆಯ ಗುಂಬ ಇದೆ ಅಂದುಕೊಳ್ಳಿ. ಅದರ ತೇವಾಂಶ ನೂರಕ್ಕೆ 16ರಿಂದ 12ಕ್ಕೆ ಇಳಿದರೆ ಅಡ್ಡಳತೆ ಒಂದರಿಂದ ಎರಡು ಮಿಲಿಮೀಟರ್ ಕಡಿಮೆಯಾಗುತ್ತದೆ. ಎಷ್ಟು ಅನ್ನೋದು ಮರದ ಜಾತಿಯ ಮೇಲೆ ಹೋಗುತ್ತದೆ. ನಾಲ್ಕು ಅಂಶದ ವ್ಯತ್ಯಾಸ ದೊಡ್ಡದೇನಲ್ಲ. ತಂಪು ಹವೆಯ ಕಾಲದಿಂದ ಒಣ ಹವೆಯ ಕಾಲಕ್ಕೆ ಬಂದರೆ ಸಾಕು, ಅಷ್ಟು ಆಗಬಹುದು.

ಈಗ ಕಬ್ಬಿಣದ ಲೆಕ್ಕ ನೋಡಿ. ಒಂದು ಡಿಗ್ರಿ ಬಿಸಿಗೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಇಪ್ಪತ್ತು ಸೆಂಟಿಮೀಟರ್ ಬಳೆಯ ಸುತ್ತಳತೆ ಸುಮಾರು 63 ಸೆಂಟಿಮೀಟರ್. ಅದನ್ನು 400 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿದರೆ ಸುತ್ತಳತೆ ಹಿಗ್ಗುವುದು ಮೂರೇ ಮಿಲಿಮೀಟರ್. ಅಡ್ಡಳತೆಯಲ್ಲಿ ಒಂದು ಮಿಲಿಮೀಟರ್ ಕೂಡ ಪೂರ್ತಿ ಇಲ್ಲ! ಚಕ್ರದ ಹೊರಗಿನ ಹಳಿಯಾದರೆ ಕಥೆ ಬೇರೆ. 120 ಸೆಂಟಿಮೀಟರ್ ಅಡ್ಡಳತೆಯ ಹಳಿ ಅಷ್ಟೇ ಬಿಸಿಗೆ ಸುತ್ತಳತೆಯಲ್ಲಿ 18 ಮಿಲಿಮೀಟರ್ ಹಿಗ್ಗುತ್ತದೆ. ಹಳಿ ಕಟ್ಟುವಾಗ ಅಳತೆ ಒಂದೆರಡು ಮಿಲಿಮೀಟರ್ ಅತ್ತಿತ್ತ ಆದರೂ ನಡೆಯುತ್ತದೆ, ಗುಂಬದ ಬಳೆಯಲ್ಲಿ ನಡೆಯುವುದಿಲ್ಲ. ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಡಿ. ಬೆಂಕಿ ಕೊಡುವ ಬಿಗಿ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಹಸಿ ಉಳಿದ ಮರ ಆಮೇಲೆ ಕಿತ್ತುಕೊಳ್ಳುವುದು ಒಂದರಿಂದ ಎರಡು. ಗೆಲ್ಲೋದು ಯಾರು?

ಹಾಗಾಗಿ ಗುಂಬವನ್ನು ವರ್ಷಗಟ್ಟಲೆ ಒಣಗಿಸಬೇಕು. ಇಂಗ್ಲೆಂಡಿನ ಹಳೆಯ ಚಕ್ರದ ಕೆಲಸಗಾರರು ಗುಂಬಕ್ಕೆ ಎಲ್ಮ್ ಮರವನ್ನು ಬಳಸುತ್ತಿದ್ದರು. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಸುಲಭಕ್ಕೆ ಸೀಳುವುದಿಲ್ಲ. ತುಂಡುಗಳನ್ನು ಮೊದಲೇ ಕತ್ತರಿಸಿ, ನಡುವೆ ತೂತು ಕೊರೆದು, ನೆರಳಿನಲ್ಲಿ ಹಲವು ವರ್ಷ ಬಿಡುತ್ತಿದ್ದರು. ನಡುವಿನ ತೂತು ಸುಮ್ನೆ ಅಲ್ಲ. ಮರದ ತಿರುಳು ಅಲ್ಲೇ ಇದ್ದರೆ ಹೊರಭಾಗ ಕುಗ್ಗುವಾಗ ಒಳಭಾಗ ಜಾಗ ಕೊಡುವುದಿಲ್ಲ, ಆಗ ಬಿರುಕು ಬೀಳುತ್ತದೆ. ತಿರುಳು ತೆಗೆದರೆ ಬಿರುಕು ಕಡಿಮೆ, ಗಾಳಿ ಒಳಗಿನಿಂದಲೂ ಆಡುತ್ತದೆ.

ಒಣಗಿದೆ ಅಂತ ಗೊತ್ತಾಗೋದು ಹೇಗೆ? ತಟ್ಟಿ ನೋಡಿ ಶಬ್ದದಿಂದ ಹೇಳುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ತಕ್ಕಡಿಯಲ್ಲಿ ನಂಬಿಕೆ ಜಾಸ್ತಿ. ತಿಂಗಳಿಗೊಮ್ಮೆ ತೂಗಿ ಮರದ ಮೇಲೇ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಲೇತಿಗೆ ಹಾಕಿ.

ಬಳೆ ಕೂರುವ ಜಾಗವನ್ನು ಕಡೆಯುವಾಗ ಸ್ವಲ್ಪವೇ ಇಳಿಜಾರು ಕೊಡಬೇಕು: ತುದಿಯಲ್ಲಿ ಸಣ್ಣದು, ಒಳಕ್ಕೆ ಹೋದಂತೆ ದೊಡ್ಡದು. ಬಳೆಯ ಅಗಲದ ಉದ್ದಕ್ಕೂ ಅಡ್ಡಳತೆಯಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಸಾಕು. ಅದಕ್ಕಿಂತ ಜಾಸ್ತಿ ಇಳಿಜಾರು ಕೊಟ್ಟರೆ ಗಾಡಿ ಅಲುಗಾಡಿದಂತೆಲ್ಲ ಬಳೆ ತಾನಾಗಿ ಹೊರಗೆ ನಡೆದುಬರುತ್ತದೆ. ಒಳಗಡೆ ಬಳೆ ಹೋಗಿ ನಿಲ್ಲಲು ಒಂದು ಮೆಟ್ಟಿಲು ಬಿಡಿ.

ಅಳತೆಗೆ ತೆಳು ತಗಡಿನ ಪಟ್ಟಿ ಒಳ್ಳೆಯದು. ದಾರ ಎಳೆದರೆ ಹಿಗ್ಗುತ್ತದೆ. ಕಬ್ಬಿಣದ ಪಟ್ಟಿ ಕತ್ತರಿಸುವಾಗ ಸುತ್ತಳತೆಯಷ್ಟೇ ಉದ್ದ ತೆಗೆದುಕೊಂಡರೆ ಬಳೆ ಚಿಕ್ಕದಾಗುತ್ತದೆ. ಬಗ್ಗಿಸಿದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಎಳೆದುಕೊಳ್ಳುತ್ತದೆ. ಅದಕ್ಕೆ ಪಟ್ಟಿಯ ದಪ್ಪದ ಮೂರರಷ್ಟಕ್ಕಿಂತ ಸ್ವಲ್ಪ ಹೆಚ್ಚು ಸೇರಿಸಬೇಕು. ಆರು ಮಿಲಿಮೀಟರ್ ದಪ್ಪದ ಪಟ್ಟಿಗೆ ಸುಮಾರು 19 ಮಿಲಿಮೀಟರ್. ಕುಲುಮೆಯಲ್ಲಿ ಬೆಸೆಯುವುದಾದರೆ ಒಂದರ ಮೇಲೊಂದು ಕೂರುವ ತುದಿಗಳ ಉದ್ದವನ್ನೂ ಸೇರಿಸಬೇಕು. ಕರೆಂಟಿನ ವೆಲ್ಡಿಂಗ್ ಆದರೆ ಅದು ಬೇಡ, ಆದರೆ ಒಳಮೈಯ ಬೆಸುಗೆ ಗಂಟನ್ನು ಪೂರ್ತಿ ಉಜ್ಜಿ ಸಪಾಟು ಮಾಡಬೇಕು. ಇಲ್ಲದಿದ್ದರೆ ಬಳೆ ಇಳಿಯುವಾಗ ಆ ಗಂಟು ಮರದಲ್ಲಿ ಗೀರು ಹೊಡೆದು ಕಾಲುವೆ ಮಾಡುತ್ತದೆ. ವೆಲ್ಡಿಂಗ್ ಮಾಡಿದರೆ ಪರಂಪರೆಗೆ ದ್ರೋಹ ಅನ್ನುವ ಮಾತಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಒಳ್ಳೆಯ ವೆಲ್ಡಿಂಗ್ ಕೆಟ್ಟ ಕುಲುಮೆ ಬೆಸುಗೆಗಿಂತ ವಾಸಿ.

ಬಳೆ ಎಷ್ಟು ಚಿಕ್ಕದಿರಬೇಕು? ನಮ್ಮ ಇಪ್ಪತ್ತು ಸೆಂಟಿಮೀಟರ್ ಗುಂಬಕ್ಕೆ ಬಳೆಯ ಒಳಸುತ್ತಳತೆ ಮರದ ಸುತ್ತಳತೆಗಿಂತ ಎರಡು ಮಿಲಿಮೀಟರ್ ಕಡಿಮೆ ಇಡುತ್ತೇನೆ. ತಣ್ಣಗಿದ್ದಾಗ ಬಳೆ ತುದಿಯಲ್ಲಿ ಸ್ವಲ್ಪ ಕಚ್ಚಿ ನಿಲ್ಲಬೇಕು, ಕೆಳಗೆ ಇಳಿಯಬಾರದು. ಇನ್ನೂ ಬಿಗಿ ಮಾಡಿದರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಅಲ್ಲ. ಉಕ್ಕು ಗಟ್ಟಿ, ಅಡ್ಡ ಎಳೆಯ ಮರ ಮೆದು. ಬಳೆ ಬಿಗಿದಾಗ ಸೋಲುವುದು ಮರ. ಒಂದು ಹದ ದಾಟಿದ ಮೇಲೆ ಮರದ ಎಳೆಗಳು ಜಜ್ಜಿಹೋಗುತ್ತವೆ, ಮತ್ತೆ ಚಿಮ್ಮಿ ನಿಲ್ಲುವ ಶಕ್ತಿ ಅವಕ್ಕೆ ಇರುವುದಿಲ್ಲ.

ಕಾಯಿಸುವುದು ಈ ಕೆಲಸದ ಅತಿ ಚಿಕ್ಕ ಭಾಗ. ಬಳೆ ಕೆಂಪಾಗುವವರೆಗೆ ಕಾಯಿಸಬೇಡಿ. ಕಪ್ಪಾಗಿಯೇ ಇದ್ದು ಒಣ ಕಡ್ಡಿ ಮುಟ್ಟಿಸಿದರೆ ತಕ್ಷಣ ಹೊಗೆಯಾಡುವಷ್ಟು ಬಿಸಿ ಸಾಕು. ಕೆಂಪು ಬಳೆ ಮರವನ್ನು ಸುಟ್ಟು ಇದ್ದಿಲಿನ ಪದರ ಮಾಡುತ್ತದೆ. ಇದ್ದಿಲಿಗೆ ಬಲವಿಲ್ಲ. ಅದು ಪುಡಿಯಾದ ದಿನ ಅಷ್ಟೂ ದಪ್ಪದ ಸಡಿಲ ನಿಮ್ಮ ಪಾಲಿಗೆ. ಗುಂಬವನ್ನು ನೆಟ್ಟಗೆ ನಿಲ್ಲಿಸಿ, ಇಕ್ಕಳದಿಂದ ಬಳೆಯನ್ನು ಸಮನಾಗಿ ಇಟ್ಟು, ಎದುರುಬದುರಾಗಿ ಸುತ್ತಿಗೆಯಿಂದ ತಟ್ಟುತ್ತಾ ಇಳಿಸಿ. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಕೂತ ಕೂಡಲೇ ಬಳೆಯ ಮೇಲೆ ಮಾತ್ರ ನೀರು ಸುರಿಯಿರಿ. ಗುಂಬವನ್ನು ಪೂರ್ತಿ ನೀರಲ್ಲಿ ಮುಳುಗಿಸಿದರೆ ವರ್ಷಗಟ್ಟಲೆ ಒಣಗಿಸಿದ್ದು ವ್ಯರ್ಥ. ಮರದ ಎಳೆಗಳು ತೆರೆದುಕೊಂಡಿರುವ ತುದಿಯ ಮೂಲಕ ನೀರು ಬದಿಗಿಂತ ಹಲವು ಪಟ್ಟು ಬೇಗ ಒಳಗೆ ಹೋಗುತ್ತದೆ. ಬಳೆ ಇರುವುದೂ ಆ ತುದಿಯಲ್ಲೇ.

ಮೊಳೆಯ ಬಗ್ಗೆ ಒಂದೆರಡು ಮಾತು. ಮೊಳೆ ಬಿಗಿ ಕೊಡುವುದಿಲ್ಲ. ಬಳೆ ಜಾರಿ ಹೊರಗೆ ಬರದ ಹಾಗೆ ತಡೆಯುತ್ತದೆ, ಅಷ್ಟೇ. ಮೂರೋ ನಾಲ್ಕೋ ಸಾಕು. ಬಳೆಯಲ್ಲಿ ತೂತು ಕೊರೆದು, ಮರದಲ್ಲೂ ಮೊದಲು ಸಣ್ಣ ತೂತು ಮಾಡಿ ಹೊಡೆಯಿರಿ. ಅರೆಕಾಲಿನ ಕುಳಿಯ ನೇರಕ್ಕೆ ಬೇಡ, ಎರಡು ಕುಳಿಗಳ ನಡುವಿನ ನೇರಕ್ಕೆ ಇರಲಿ. ಸಡಿಲ ಬಳೆಗೆ ಎಂಟೆಂಟು ಮೊಳೆ ಜಡಿದ ಗುಂಬಗಳನ್ನು ನೋಡುತ್ತಿರುತ್ತೇನೆ. ಮೊಳೆಗಳ ಸುತ್ತಲೂ ಬಿರುಕು ಬಿಟ್ಟು ಗುಂಬವೇ ಹಾಳಾಗಿರುತ್ತದೆ. ಅಂಟಿನ ಕಥೆಯೂ ಇಷ್ಟೇ. ಮರ ಹವೆಗೆ ಹಿಗ್ಗಿ ಕುಗ್ಗುತ್ತದೆ, ಕಬ್ಬಿಣ ಬಿಸಿಗೆ ಹಿಗ್ಗಿ ಕುಗ್ಗುತ್ತದೆ. ಇಬ್ಬರ ನಡುವೆ ಸಿಕ್ಕಿಕೊಂಡ ಅಂಟು ಬೇಗ ಬಿಟ್ಟುಕೊಡುತ್ತದೆ.

ಹಳೆಯ ಚಕ್ರದ ಬಳೆ ಸಡಿಲ ಆಗಿದೆ, ನೀರಲ್ಲಿ ನೆನೆಸಿದರೆ ಬಿಗಿಯಾಗುತ್ತಂತೆ, ಹೌದಾ? ಇದೂ ಪದೇ ಪದೇ ಬರುವ ಪ್ರಶ್ನೆ. ಬಿಗಿಯಾಗುವುದು ನಿಜ. ಹೊಳೆ ಕೆರೆಗಳಲ್ಲಿ ಗಾಡಿ ನಿಲ್ಲಿಸಿ ಚಕ್ರ ನೆನೆಸುವುದು ಎಷ್ಟೋ ಕಡೆ ಇದ್ದ ಅಭ್ಯಾಸ. ಆದರೆ ನೆಂದ ಮರ ಹಿಗ್ಗಲು ಹೋದಾಗ ಬಳೆ ಜಾಗ ಕೊಡುವುದಿಲ್ಲ. ಹೊರಗಿನ ಎಳೆಗಳು ತಮ್ಮ ಒತ್ತಡಕ್ಕೆ ತಾವೇ ಜಜ್ಜಿಹೋಗುತ್ತವೆ. ಮತ್ತೆ ಒಣಗಿದಾಗ ಗುಂಬ ಮೊದಲಿಗಿಂತಲೂ ಸಣ್ಣದಾಗುತ್ತದೆ. ಪ್ರತಿ ಸಲ ನೆನೆಸಿದಾಗಲೂ ಸಡಿಲ ಜಾಸ್ತಿಯೇ ಆಗುತ್ತಾ ಹೋಗುತ್ತದೆ. ದಾರಿ ಮಧ್ಯೆ ಸಿಕ್ಕಿಬಿದ್ದವನು ಮನೆ ಮುಟ್ಟಲು ನೆನೆಸಿದರೆ ಸರಿ. ಅದನ್ನೇ ದುರಸ್ತಿ ಅಂದುಕೊಳ್ಳಬೇಡಿ.

ಸರಿಯಾದ ದಾರಿ ನಿಧಾನದ್ದು. ಚಕ್ರವನ್ನು ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಲು ಬಿಡಿ. ಮೊಳೆ ಕಿತ್ತು, ಬಳೆಯನ್ನು ಸುತ್ತಲೂ ಸಮನಾಗಿ ತಟ್ಟಿ ಹೊರತೆಗೆಯಿರಿ. ಮರದ ಸುತ್ತಳತೆ ಹೊಸದಾಗಿ ತೆಗೆದುಕೊಂಡು, ಬಳೆಯನ್ನು ಒಂದು ಕಡೆ ಕತ್ತರಿಸಿ, ಹೆಚ್ಚಿನ ತುಂಡು ತೆಗೆದು ಮತ್ತೆ ಬೆಸೆದು, ಕಾಯಿಸಿ ಕೂರಿಸಿ. ಬಳೆಯ ಕೆಳಗಿನ ಮರ ಕೊಳೆತಿದ್ದರೆ ಇದ್ಯಾವುದೂ ಬೇಡ, ಹೊಸ ಗುಂಬವೇ ಬೇಕು. ಬಳೆ ಮರದ ನಡುವೆ ತಗಡು ತುರುಕಬಹುದಾ ಅಂದರೆ, ಓಡುವ ಗಾಡಿಗೆ ಬೇಡ. ಸುಮ್ನೆ ನೋಡಲು ಇಟ್ಟಿರುವ ಚಕ್ರವಾದರೆ ತೆಳು ತಗಡನ್ನು ಇಡೀ ಸುತ್ತಿಗೆ ಹಾಕಬಹುದು. ಮರದ ಚಕ್ಕೆಗಳನ್ನು ಅಲ್ಲಲ್ಲಿ ಬಡಿಯಬೇಡಿ, ಒತ್ತಡ ಎಲ್ಲ ಆ ನಾಲ್ಕು ಜಾಗದ ಮೇಲೇ ಬೀಳುತ್ತದೆ.

ಬಳೆಯ ಈ ಕಾಟವೇ ಬೇಡ ಅಂತ ಹೊರಟವರೂ ಇದ್ದರು. ಅಮೆರಿಕದ ಜೇಮ್ಸ್ ಸಾರ್ವೆನ್ 1857ರಲ್ಲಿ ಒಂದು ಗುಂಬಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಮರದ ಗುಂಬದ ಎರಡೂ ಕಡೆಯಿಂದ ಲೋಹದ ತಟ್ಟೆಗಳು ಬಂದು ಅರೆಕಾಲುಗಳ ಬುಡವನ್ನು ಒತ್ತಿ ಹಿಡಿಯುತ್ತವೆ. ಆ ತಟ್ಟೆಗಳನ್ನು ಒಂದಕ್ಕೊಂದು ರಿವೆಟ್ ಹೊಡೆದು ಸೇರಿಸಿರುತ್ತಾರೆ. ಹಗುರ ಗಾಡಿಗಳಲ್ಲಿ ಈ ಬಗೆಯ ಗುಂಬ ಬಹಳ ಓಡಿತು. ನಿಮ್ಮ ಹಳೆಯ ಚಕ್ರದ ನಡುವೆ ಅರೆಕಾಲುಗಳ ಸಂದಿಯಲ್ಲಿ ರಿವೆಟ್ ತಲೆಗಳು ಕಂಡರೆ ಇಲ್ಲಿ ಬರೆದ ರೀತಿಯಲ್ಲಿ ಬಡಿಯಲು ಹೋಗಬೇಡಿ, ಅದರ ರಿಪೇರಿಯೇ ಬೇರೆ.

ಕೊನೆಗೆ ಎಣ್ಣೆ, ಬಣ್ಣ. ಬಳೆ ಕೂತ ಮೇಲೆ ಗುಂಬದ ಎರಡೂ ತುದಿಗೆ ಅಗಸೆ ಎಣ್ಣೆಯನ್ನು ಮರ ಇನ್ನು ಸಾಕು ಅನ್ನುವವರೆಗೆ ಕುಡಿಸಿ. ಅದು ಒಣಗಲು ಬಿಟ್ಟು ಮೇಲೆ ಬಣ್ಣ ಹಚ್ಚಿ. ಬಳೆ ಮರ ಸೇರುವ ಗೆರೆಯ ಮೇಲೂ ಬಣ್ಣ ಬರಲಿ. ಆ ಗೆರೆಯಲ್ಲಿ ಮುಂದೆ ಯಾವಾಗಲಾದರೂ ಬಣ್ಣ ಬಿರಿದರೆ ಬಳೆ ಅಲುಗಾಡಿದೆ ಅಂತ ಅರ್ಥ. ಆಗ ಮೊದಲು ಸುತ್ತಿಗೆ ಎತ್ತಿಕೊಳ್ಳಬೇಡಿ, ಚಕ್ರ ಎಲ್ಲಿ ನಿಂತಿದೆ, ಒಣ ಜಾಗದಲ್ಲೋ ತೇವದಲ್ಲೋ ಅಂತ ನೋಡಿ.