ಮತ್ತೆ ಅದೇ ಕೋಡ್, ಮತ್ತೆ ಅದೇ ಸದ್ದು

ವಾಷಿಂಗ್ ಮೆಷಿನ್ನಿನ ಡ್ರಮ್ಮಿನಲ್ಲಿ ಹನಿ ನೀರು ನಿಂತಿಲ್ಲ. ಟಾರ್ಚ್ ಬಿಟ್ಟು ನೋಡಿದರೂ ಒದ್ದೆ ಬಟ್ಟೆಯ ಮುದ್ದೆ ಕಾಣುತ್ತದೆ, ಅಷ್ಟೇ. ಆದರೂ ಮೆಷಿನ್ ನೀರು ಹೊರಹೋಗುತ್ತಿಲ್ಲ ಎಂಬ ಕೋಡ್ ಮಿನುಗಿಸುತ್ತಾ, ಬಟ್ಟೆ ಹಿಂಡಲು ಒಲ್ಲೆನೆಂದು ನಿಂತಿದೆ. ಬಂದ ಮೆಕ್ಯಾನಿಕ್ ಫಿಲ್ಟರ್ ತೊಳೆದು ಹೋದರು, ಕೋಡ್ ಮರಳಿತು. ಮತ್ತೆ ಬಂದು ಪಂಪ್ ಬದಲಿಸಿದರು. ಕೆಲವು ಒಗೆತ ನೆಟ್ಟಗೆ ನಡೆದು ಪುನಃ ಅದೇ ರಾಗ. ಮುಂದಿನ ಸರದಿ ಕಂಟ್ರೋಲ್ ಬೋರ್ಡಿನದು ಎಂದಾಗ ಅವರಿಗೆ ಕೈಮುಗಿದು, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಬಿಚ್ಚಿದ ಹಳೆಯ ಪಂಪನ್ನು ಒಯ್ಯಲು ನಾನು ಬಿಟ್ಟಿರಲಿಲ್ಲ. ಅದರ ಪುಟ್ಟ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ಸುತ್ತುವುದಿಲ್ಲ, ತಡೆತಡೆದು ಹಾರಿ ಹಾರಿ ತಿರುಗುತ್ತದೆ. ಇದನ್ನೇ ತೋರಿಸಿ ‘ನೋಡಿ, ಜಾಮ್ ಆಗಿದೆ’ ಎನ್ನುವವರಿದ್ದಾರೆ. ಒಳಗೆ ತಿರುಗುವ ಭಾಗ, ಅಂದರೆ ರೋಟರ್, ಅಯಸ್ಕಾಂತದ್ದು. ಅದು ಹಾಗೆಯೇ ತಿರುಗಬೇಕು. ಮಲ್ಟಿಮೀಟರ್ ಇಟ್ಟು ನೋಡಿದರೆ ಸುರುಳಿಯ ರೋಧವೂ ಸರಿಯಾಗಿತ್ತು. 230 ವೋಲ್ಟಿನ ಇಂಥ ಪಂಪುಗಳಲ್ಲಿ ಅದು ಸಾಮಾನ್ಯವಾಗಿ 100ರಿಂದ 200 ಓಮ್ ಆಸುಪಾಸಿನಲ್ಲಿರುತ್ತದೆ. ಅಂದರೆ ನಿರಪರಾಧಿ ಪಂಪಿಗೆ ಶಿಕ್ಷೆಯಾಗಿತ್ತು.

ಈ ಕೋಡ್‌ಗಳ ಮೇಲೆ ನನಗೆ ಮೊದಲಿನಿಂದಲೂ ತಕರಾರಿದೆ. ನಿಗದಿತ ಹೊತ್ತಿನೊಳಗೆ ನೀರಿನ ಮಟ್ಟ ಇಳಿದದ್ದು ತನ್ನ ಅರಿವಿಗೆ ಬರಲಿಲ್ಲ ಎಂದಷ್ಟೇ ಯಂತ್ರ ಹೇಳುತ್ತಿರುತ್ತದೆ. ಪಂಪ್ ಕೆಟ್ಟಿದೆ ಎಂದು ಅದು ಹೇಳುವುದೇ ಇಲ್ಲ; ಅದನ್ನು ನಾವು ಊಹಿಸಿಕೊಳ್ಳುತ್ತೇವೆ. ಒಂದು ಭಾಗ ಒಮ್ಮೆ ಕೆಟ್ಟರೆ ಅದರದೇ ತಪ್ಪಿರಬಹುದು. ಬದಲಿಸಿದ ಮೇಲೂ ಅದೇ ದೂರು ಬಂದರೆ, ಆ ಭಾಗ ಇನ್ನಾವುದರದೋ ಹೊರೆ ಹೊರುತ್ತಿದೆ ಎಂದೇ ಲೆಕ್ಕ ಹಿಡಿಯಬೇಕು. ಮೆಷಿನ್ನಿನ ಪಕ್ಕದ ಗೋಡೆಗೆ ನಾನೊಂದು ಪುಸ್ತಕ ನೇತುಹಾಕಿದ್ದೇನೆ. ಸದ್ದು ಅಥವಾ ಕೋಡ್ ಬಂದಾಗ ಯಂತ್ರ ಯಾವ ಹಂತದಲ್ಲಿತ್ತು, ನೀರು ತುಂಬುವಾಗಲೋ, ಜಾಲಿಸುವಾಗಲೋ, ಹಿಂಡುವಿಕೆಯ ವೇಗ ಏರುವಾಗಲೋ, ಇಳಿಯುವಾಗಲೋ ಎಂದು ಬರೆದಿಡುತ್ತೇನೆ. ಮನೆಯವರು ಇದನ್ನು ಮೆಷಿನ್ನಿನ ಜಾತಕ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೋರ್ಡ್ ಬದಲಿಸುವ ಖರ್ಚು ಉಳಿಸಿದ್ದು ಅದೇ ಪುಸ್ತಕ: ಕೋಡ್ ಬಂದಾಗಲೆಲ್ಲ ನೀರು ಪೂರ್ತಿ ಖಾಲಿಯಾಗಿತ್ತು ಎಂದು ಅದರಲ್ಲಿ ಸಾಲುಸಾಲಾಗಿ ಬರೆದಿತ್ತು.

ನೀರು ಹೋಗಿದೆ, ಹೋದದ್ದು ಯಂತ್ರಕ್ಕೆ ತಿಳಿದಿಲ್ಲ. ಹಾಗಾದರೆ ತಿಳಿಯುವುದಾದರೂ ಹೇಗೆ? ಡ್ರಮ್ಮನ್ನು ಸುತ್ತುವರಿದು ನೀರು ಹಿಡಿದಿಡುವ ಟಬ್ಬಿನ ತಳದಲ್ಲೊಂದು ಪುಟ್ಟ ಗಾಳಿಗೂಡು ಇರುತ್ತದೆ. ಅಲ್ಲಿಂದ ಬಳಪದ ಗಾತ್ರದ ರಬ್ಬರ್ ಕೊಳವೆಯೊಂದು ಮೇಲೆ ಹೋಗಿ ಪ್ರೆಷರ್ ಸ್ವಿಚ್ಚಿಗೆ ಸೇರುತ್ತದೆ. ಟಬ್ಬಿನಲ್ಲಿ ನೀರು ಏರಿದಷ್ಟೂ ಕೊಳವೆಯೊಳಗಿನ ಗಾಳಿ ಒತ್ತಲ್ಪಡುತ್ತದೆ. ಆ ಒತ್ತಡವನ್ನೇ ಯಂತ್ರ ನೀರಿನ ಮಟ್ಟವೆಂದು ಓದುತ್ತದೆ. ಗೂಡಿನ ಬಾಯಿಗೆ ಕಸ ಕಟ್ಟಿಕೊಂಡರೆ ನೀರು ಇಳಿದ ಮೇಲೂ ಒಳಗಿನ ಗಾಳಿ ಬಿಡುಗಡೆಯಾಗದೆ ಒತ್ತಡ ಹಾಗೆಯೇ ಉಳಿಯುತ್ತದೆ. ಖಾಲಿ ಟಬ್ಬಿನ ಎದುರು ಪಂಪ್ ಗೊರಗೊರ ಎನ್ನುತ್ತಲೇ ಇರುತ್ತದೆ, ಕೊನೆಗೆ ಕೋಡ್ ಬರುತ್ತದೆ.

ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಮೇಲಿನ ಮುಚ್ಚಳ ತೆಗೆದು ಕೊಳವೆಯ ಮೇಲ್ತುದಿಯನ್ನು ಸ್ವಿಚ್ಚಿನಿಂದ ಬಿಡಿಸಿ ಊದಿದೆ. ಗಾಳಿ ಮುಂದೆ ಹೋಗಲಿಲ್ಲ. (ಸ್ವಿಚ್ಚಿಗೆ ಸಿಕ್ಕಿಸಿಕೊಂಡೇ ಜೋರಾಗಿ ಊದಬಾರದು, ಒಳಗಿನ ತೆಳುಪೊರೆ ಹಾಳಾಗುತ್ತದೆ.) ಕೆಳಗಿನ ಗೂಡನ್ನು ಬಿಚ್ಚಿದಾಗ ಬಾಯಿಯ ತುಂಬ ಬೂದುಬಣ್ಣದ ಜಿಗುಟು. ಬಟ್ಟೆಯ ಎಳೆ, ಕೂದಲು, ಕರಗದೆ ಉಳಿದ ಪುಡಿ, ಬಟ್ಟೆ ಮೆದುಮಾಡುವ ದ್ರವ ಎಲ್ಲವೂ ಸೇರಿ ಗಟ್ಟಿಯಾಗಿ, ಉಗುರಿನಿಂದ ಕೆರೆದರೆ ಪದರಪದರವಾಗಿ ಏಳುತ್ತಿತ್ತು. ಹಳೆಯ ಟೂತ್ ಬ್ರಷ್ ಮತ್ತು ಬಿಸಿನೀರಿನಲ್ಲಿ ಕೆಲಸ ಮುಗಿಯಿತು.

ಗೂಡು ತೊಳೆದರೂ ಜಿಗುಟು ಹುಟ್ಟುವ ಜಾಗ ಹಾಗೇ ಇರುತ್ತದೆ. ಯಾವಾಗಲೂ ತಣ್ಣೀರಿನ ಒಗೆತ, ನೊರೆ ಕಾಣದಿದ್ದರೆ ಕೊಳೆ ಹೋಗದು ಎಂಬ ನಂಬಿಕೆಯಿಂದ ಸುರಿದ ಹೆಚ್ಚುವರಿ ಪುಡಿ, ಇವೆರಡರ ಸಂತಾನ ಅದು. ಈಗ ಪುಡಿಯನ್ನು ಅಳೆದು ಹಾಕುತ್ತೇವೆ. ಆಗಾಗ ಬಟ್ಟೆ ಹಾಕದೆ 60 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಬಿಸಿಯಲ್ಲಿ ಮೆಷಿನ್ ಓಡಿಸುತ್ತೇವೆ, ಅದಕ್ಕೆ ಬ್ಲೀಚ್ ಇರುವ ಪುಡಿಯನ್ನೇ ಬಳಸುತ್ತೇವೆ. ದ್ರವರೂಪದ ಡಿಟರ್ಜೆಂಟುಗಳಲ್ಲಿ ಸಾಮಾನ್ಯವಾಗಿ ಬ್ಲೀಚ್ ಇರುವುದಿಲ್ಲ. ಕೋಡ್ ಮತ್ತೆ ಬಂದಿಲ್ಲ.

ನೀರಿನದೇ ಇನ್ನೊಂದು ಪೀಡೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮೆಷಿನ್ ನೀರು ತುಂಬಿಕೊಳ್ಳುತ್ತಲೇ ಇರುತ್ತದೆ, ತುಂಬುವುದೇ ಇಲ್ಲ ಎಂದಾದರೆ ಹೊರಹೋಗುವ ಪೈಪ್ ನೆಲಕ್ಕೆ ಬಿದ್ದಿದೆಯೇ ನೋಡಿ. ಸಾಮಾನ್ಯವಾಗಿ ಅದು ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಏರಿ ಇಳಿಯಬೇಕು. ಕೆಳಗಿದ್ದರೆ ತುಂಬಿದ ನೀರು ತಾನಾಗಿಯೇ ಸೋರಿಹೋಗುತ್ತದೆ.

ಇನ್ನು ನಡುಕ. ಹಿಂಡುವಾಗ ಮೆಷಿನ್ ಜಾಗ ಬಿಟ್ಟು ನಡೆಯುತ್ತದೆ ಎಂಬ ದೂರಿಗೆ ಎಲ್ಲರೂ ಮೊದಲು ಕಾಲಿನ ಕೆಳಗೆ ರಟ್ಟು ತುರುಕುತ್ತಾರೆ. ರಟ್ಟು ತುರುಕುವ ಮುನ್ನ ಒಂದು ಲೆಕ್ಕ ಕೇಳಿ. ನಿಮಿಷಕ್ಕೆ 1200 ಸುತ್ತು ಎಂದರೆ ಸೆಕೆಂಡಿಗೆ 20 ಸುತ್ತು. ಡ್ರಮ್ಮಿನ ತ್ರಿಜ್ಯ 24 ಸೆಂಟಿಮೀಟರ್ ಇದ್ದರೆ, ಅಂಚಿನಲ್ಲಿರುವ ಬಟ್ಟೆಯ ಮೇಲೆ ಗುರುತ್ವದ ಸುಮಾರು 380 ಪಟ್ಟು ಬಲ ಬೀಳುತ್ತದೆ. ಒಂದು ಬದಿಗೆ ಅರ್ಧ ಕಿಲೋ ತೂಕ ಹೆಚ್ಚಾಗಿ ಕೂತರೆ, ಸುಮಾರು 190 ಕಿಲೋ ಭಾರದಷ್ಟು ಬಲ ಸೆಕೆಂಡಿಗೆ 20 ಬಾರಿ ಸುತ್ತು ಹಾಕುತ್ತಾ ಟಬ್ಬನ್ನು ಎಳೆದಾಡುತ್ತದೆ. ರಟ್ಟು ಏನು ಮಾಡೀತು!

ಅದಕ್ಕೇ ಯಂತ್ರ ಮೊದಲು ನಿಧಾನವಾಗಿ ತಿರುಗಿ ಭಾರ ಅಳೆದು ನೋಡುತ್ತದೆ. ಈ ಅಳತೆಯ ಡ್ರಮ್ಮಿನಲ್ಲಿ ನಿಮಿಷಕ್ಕೆ 60 ಸುತ್ತು ದಾಟಿದೊಡನೆ ಬಟ್ಟೆಗಳು ಗೋಡೆಗೆ ಅಂಟಿಕೊಳ್ಳತೊಡಗುತ್ತವೆ. ಸಮವಾಗಿ ಅಂಟಿಲ್ಲ ಎಂದು ಕಂಡರೆ ಡ್ರಮ್ ನಿಂತು, ಹಿಂದೆ ಮುಂದೆ ಹೊರಳಿಸಿ, ಮತ್ತೆ ಪ್ರಯತ್ನಿಸುತ್ತದೆ. ಕೊನೆಗೂ ಆಗದಿದ್ದರೆ ಕಡಿಮೆ ವೇಗದಲ್ಲಿ ಮುಗಿಸುತ್ತದೆ ಅಥವಾ ಕೈಬಿಡುತ್ತದೆ. ಕಾಲೊರೆಸುವ ದಪ್ಪ ಚಾಪೆಯೊಂದನ್ನೇ ಹಾಕಿ, ‘ಹಿಂಡುವುದೇ ಇಲ್ಲ, ಮೋಟಾರ್ ಹೋಗಿದೆ’ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಜೊತೆಗೆ ಎರಡು ಟವೆಲ್ ಹಾಕಿ.

ದೋಷ ಬಟ್ಟೆಯದೋ ಯಂತ್ರದ್ದೋ ಎಂದು ಬೇರ್ಪಡಿಸಲು ಖಾಲಿ ಡ್ರಮ್ ಹಿಂಡಿಸಿ ನೋಡುವುದಕ್ಕಿಂತ ಸುಲಭದ ದಾರಿಯಿಲ್ಲ. ಖಾಲಿಯಿದ್ದಾಗಲೂ ಕುಣಿದರೆ ಕಾಲು, ಟಬ್ಬನ್ನು ಸ್ಥಿರವಾಗಿಡಲು ಕಟ್ಟಿದ ಕಾಂಕ್ರೀಟ್ ಭಾರ, ಡ್ರಮ್ಮಿನ ಶಾಫ್ಟ್ (ಅಚ್ಚು) ಸಲೀಸಾಗಿ ಸುತ್ತಲು ನೆರವಾಗುವ ಬೇರಿಂಗ್‌ಗಳ ಕಡೆ ನೋಡಬೇಕು. ಸಮನಾಗಿ ಹರಡಿದ ಬಟ್ಟೆಯಿದ್ದಾಗ ಮಾತ್ರ ಕುಣಿದರೆ ಟಬ್ಬಿನ ತೂಗಾಟ ತಡೆಯುವ ಡ್ಯಾಂಪರ್ ನೋಡಬೇಕು. ಬಾಗಿಲು ತೆರೆದು ಟಬ್ಬನ್ನು ಕೆಳಗೆ ಒತ್ತಿ ಕೈ ಬಿಟ್ಟರೆ, ಒಮ್ಮೆ ಮೇಲೆದ್ದು ನಿಲ್ಲಬೇಕು. ಮೂರು ನಾಲ್ಕು ಬಾರಿ ತೂಗಾಡಿದರೆ ಡ್ಯಾಂಪರ್ ಸತ್ತಿದೆ. ಜೋಡಿಯಾಗಿಯೇ ಬದಲಿಸಿ. ಕಾಲಿನ ವಿಷಯದಲ್ಲಿ ಹೆಚ್ಚಿನವರು ಬಿಡುವುದು ಲಾಕ್ ನಟ್. ರಸಮಟ್ಟ ಇಟ್ಟು ಎತ್ತರ ಹೊಂದಿಸಿದ ಮೇಲೆ ಆ ನಟ್ಟನ್ನು ಮೆಷಿನ್ನಿನ ತಳಕ್ಕೆ ತಾಗುವಂತೆ ಬಿಗಿಯದಿದ್ದರೆ, ಪ್ರತಿ ಹಿಂಡುವಿಕೆಯಲ್ಲೂ ಕಾಲು ಕೂದಲೆಳೆಯಷ್ಟು ತಿರುಗಿ ಮತ್ತೆ ಹಳೆಯ ಸ್ಥಿತಿಗೇ ಬರುತ್ತದೆ. ‘ಎಷ್ಟು ಸಲ ಸರಿಮಾಡಿದರೂ ಅಷ್ಟೇ’ ಎಂಬ ಗೊಣಗಾಟದ ಹಿಂದೆ ಬಹಳ ಸಲ ಇದೊಂದು ನಟ್ ಇರುತ್ತದೆ.

ನನ್ನನ್ನು ನಿಜಕ್ಕೂ ಕಾಡಿದ್ದು ಬೇರಿಂಗ್. ವೇಗ ಏರಿದಂತೆ ಏರುವ, ವಿಮಾನ ಓಡುದಾರಿ ಹಿಡಿದಂಥ ಮೊರೆತ. ಪುಸ್ತಕದಲ್ಲಿ ಬರೆದ ಹಂತ ಯಾವಾಗಲೂ ಒಂದೇ: ಹಿಂಡುವಿಕೆಯ ಕೊನೆಯ ಏರಿಕೆ. ಬೇರಿಂಗ್‌ಗಳನ್ನು ಹಿಂದೊಮ್ಮೆ ಬದಲಿಸಲಾಗಿತ್ತು. ಆದರೂ ಸದ್ದು ಹಿಂತಿರುಗಿತ್ತು. ಹಿಂಬದಿಯ ಮುಚ್ಚಳ ತೆಗೆದಾಗ ಟಬ್ಬಿನ ಹಿಂಭಾಗದಲ್ಲಿ, ಡ್ರಮ್ಮನ್ನು ತಿರುಗಿಸುವ ಬೆಲ್ಟಿನ ಚಕ್ರದ, ಅಂದರೆ ಪುಲ್ಲಿಯ, ಕೆಳಗಿನಿಂದ ತುಕ್ಕಿನ ಕಂದುಗೆರೆಯೊಂದು ಇಳಿದಿತ್ತು. ಆ ಗೆರೆ ಕಂಡರೆ ಬೇರಿಂಗಿಗೆ ನೀರು ನುಗ್ಗಿದೆ ಎಂದೇ ಅರ್ಥ.

ಇಲ್ಲೊಂದು ಪರೀಕ್ಷೆ ಮಾಡಬೇಕು, ಇಬ್ಬರು ಬೇಕು. ಒಬ್ಬರು ಮುಂದಿನಿಂದ ಡ್ರಮ್ಮಿನ ಅಂಚು ಹಿಡಿದು ಮೇಲೆ ಕೆಳಗೆ ಅಲುಗಿಸಬೇಕು, ಇನ್ನೊಬ್ಬರು ಹಿಂದೆ ಪುಲ್ಲಿಯನ್ನು ನೋಡುತ್ತಿರಬೇಕು. ಡ್ರಮ್ಮಿನ ಜೊತೆ ಪುಲ್ಲಿಯೂ ಅಲುಗಿದರೆ ಬೇರಿಂಗ್ ಸವೆದಿದೆ. ಡ್ರಮ್ ಅಲುಗುತ್ತದೆ, ಪುಲ್ಲಿ ಕದಲುವುದಿಲ್ಲ ಎಂದಾದರೆ ಸ್ಪೈಡರ್ ಮುರಿದಿದೆ. ಡ್ರಮ್ಮಿನ ಬೆನ್ನಿಗೆ ಶಾಫ್ಟನ್ನು ಹಿಡಿದಿಡುವ ಮೂರು ತೋಳಿನ ಲೋಹದ ಭಾಗವದು. ಅದು ಹೆಚ್ಚಾಗಿ ಅಲ್ಯುಮಿನಿಯಂ ಮಿಶ್ರಲೋಹದ್ದು. ಮೇಲೆ ಹೇಳಿದ ಜಿಗುಟು ತೋಳುಗಳ ಸಂದಿಯಲ್ಲಿ ಕೂತು, ಕ್ಷಾರದಿಂದ ಅದನ್ನು ಬಿಳಿಪುಡಿಯಾಗಿಸುತ್ತಾ ತಿನ್ನುತ್ತದೆ. ನಮ್ಮದರಲ್ಲಿ ಪುಲ್ಲಿಯೂ ಕುಣಿಯಿತು.

ಟಬ್ ಹೊರತೆಗೆದು ಎರಡು ಹೋಳು ಬೇರ್ಪಡಿಸಿದೆ. ಬೇರಿಂಗ್ ಕಿತ್ತಾಗ ಗ್ರೀಸ್ ಬದಲು ತುಕ್ಕಿನ ಕೆಸರು. ಬೇರಿಂಗಿನ ಬದಿಯಲ್ಲೇ 6205, 6206 ಎಂಬಂಥ ಸಂಖ್ಯೆ ಕೊರೆದಿರುತ್ತದೆ, ಅಳತೆ ಹುಡುಕಬೇಕಿಲ್ಲ. ಕೊನೆಯಲ್ಲಿ 2ಆರ್‌ಎಸ್ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಮುಚ್ಚಿಗೆ, ಜೆಡ್‌ಜೆಡ್ ಎಂದಿದ್ದರೆ ಲೋಹದ್ದು. ಹಿಂದಿನವರು ಒಳ್ಳೆಯ ಬೇರಿಂಗನ್ನೇ ಹಾಕಿದ್ದರು, ನೀರು ತಡೆಯುವ ರಬ್ಬರ್ ಸೀಲ್ ಕೂಡ ಹೊಸದೇ. ಹಾಗಿದ್ದರೂ ನೀರು ಒಳಬಂದದ್ದು ಹೇಗೆ?

ಸೀಲಿನ ತುಟಿ ಉಜ್ಜುತ್ತಾ ಸುತ್ತುವುದು ಶಾಫ್ಟಿನ ಬುಡದಲ್ಲಿರುವ ಲೋಹದ ಬಳೆಯ ಮೇಲೆ. ಅದನ್ನು ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕಣ್ಣಿಗೆ ತೆಳ್ಳನೆಯ ಹೊಳಪಿನ ಗೆರೆ ಬಿಟ್ಟರೆ ಬೇರೇನೂ ಇಲ್ಲ. ಹೆಬ್ಬೆರಳಿನ ಉಗುರನ್ನು ಅಡ್ಡಕ್ಕೆ ಎಳೆದಾಗ ಗೆರೆಯಲ್ಲಿ ಟಕ್ಕನೆ ಸಿಕ್ಕಿಕೊಂಡಿತು. ಹಳೆಯ ಸೀಲ್ ವರ್ಷಗಟ್ಟಲೆ ಉಜ್ಜಿ ಅಲ್ಲಿ ತೋಡು ಬಿದ್ದಿದೆ. ಹೊಸ ಸೀಲಿನ ತುಟಿ ಆ ತೋಡಿಗೆ ಬಿಗಿಯಾಗಿ ಕೂರುವುದಿಲ್ಲ. ಪ್ರತಿ ಒಗೆತಕ್ಕೆ ಒಂದಿಷ್ಟು ಸೋಪುನೀರು ಒಳಗೆ ಜಾರುತ್ತದೆ, ಗ್ರೀಸ್ ತೊಳೆದುಹೋಗುತ್ತದೆ. ಬೇರಿಂಗ್ ಎಷ್ಟು ಸಲ ಬದಲಿಸಿದರೂ ಇದೇ ಗತಿ. ಬಳೆ ಬಿಡಿಯಾಗಿ ಸಿಗದಿದ್ದುದರಿಂದ ಸ್ಪೈಡರನ್ನೇ ಹೊಸದು ತರಿಸಿದೆ. ಬೇರಿಂಗ್ ಕೂರಿಸುವಾಗ ಹೊರಬಳೆಯ ಮೇಲೆ ಮಾತ್ರ, ಹಳೆಯ ಬೇರಿಂಗನ್ನೇ ಅಡ್ಡವಿಟ್ಟು ಬಡಿದೆ. ಒಳಬಳೆಗೆ ಪೆಟ್ಟು ಬಿದ್ದರೆ ಆ ಏಟೆಲ್ಲ ಗುಂಡುಗಳ ಮೂಲಕವೇ ಹಾದು, ಓಡುವ ಮೊದಲೇ ಬೇರಿಂಗ್ ಹಾಳು. ಸೀಲಿನ ತುಟಿಗೆ ನೀರು ತಡೆಯುವ ಗ್ರೀಸ್ ಸವರಿ ಮುಚ್ಚಿದೆ. ಈಗ ಕೊನೆಯ ಏರಿಕೆಯಲ್ಲಿ ಮೋಟಾರಿನ ಸದ್ದಷ್ಟೇ ಕೇಳುತ್ತದೆ.

ಇಷ್ಟೆಲ್ಲ ಸಾಧ್ಯವಾದದ್ದು ನಮ್ಮ ಮೆಷಿನ್ನಿನ ಟಬ್ಬಿಗೆ ಬೋಲ್ಟುಗಳಿದ್ದುದರಿಂದ. ಈಗಿನ ಅನೇಕ ಮಾದರಿಗಳಲ್ಲಿ ಎರಡು ಹೋಳುಗಳನ್ನು ಕಾಯಿಸಿ ಬೆಸೆದುಬಿಡುತ್ತಾರೆ; ಅಂಗೈಯಗಲದ ಸೀಲ್ ಹೋದರೂ ಇಡೀ ಟಬ್ ಬದಲಿಸಬೇಕು, ಇಲ್ಲವೇ ಗರಗಸ ಹಿಡಿಯಬೇಕು. ಜಾಹೀರಾತಿನಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಹೊಸದು ಕೊಳ್ಳುವವರು ಆ ಮಾದರಿಯ ಬಿಡಿಭಾಗಗಳ ಪಟ್ಟಿಯನ್ನು ಹುಡುಕಿ ನೋಡಿ: ಬೇರಿಂಗಿಗೂ ಸೀಲಿಗೂ ಬೇರೆ ಬೇರೆ ಸಂಖ್ಯೆಗಳಿದ್ದರೆ ಟಬ್ ಬಿಚ್ಚಲು ಬರುತ್ತದೆ ಎನ್ನಬಹುದು. ‘ಟಬ್, ಡ್ರಮ್ ಸಹಿತ’ ಎಂಬ ಒಂದೇ ಸಾಲಿದ್ದರೆ ನಾನಂತೂ ಮುಂದಿನ ಮಾದರಿಗೆ ಹೋಗುತ್ತೇನೆ.